ಯಾರನ್ನು ಅವಸರಪಡಿಸಬಾರದು



2013ರ ಅಕ್ಟೋಬರ್ ತಿಂಗಳು. ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದ ಮಂಗಳನೌಕೆ ಶ್ರೀಹರಿಕೋಟಾ ತಲುಪಿತ್ತು. ಅದನ್ನು ಹೊತ್ತೊಯ್ಯಬೇಕಾದ ಪಿಎಸ್‌ಎಲ್‌ವಿ ರಾಕೆಟ್ಟೂ ಅಲ್ಲೇ ಸಜ್ಜಾಗುತ್ತಿತ್ತು. ಉಡಾವಣೆಗೆ 28ನೇ ತಾರೀಖು ಎಂದು ಗೊತ್ತುಮಾಡಿದ್ದರು. ಆ ದಿನ ಮುಂದಕ್ಕೆ ಹೋಯಿತು. ರಾಕೆಟ್ಟಿನಲ್ಲಿ ದೋಷವಿರಲಿಲ್ಲ, ಉಪಗ್ರಹದಲ್ಲೂ ಇರಲಿಲ್ಲ. ಸಾವಿರಾರು ಕಿಲೋಮೀಟರ್ ಆಚೆ ಪೆಸಿಫಿಕ್ ಸಾಗರದಲ್ಲಿ ಹವೆ ಕೆಟ್ಟು, ನಳಂದಾ ಎಂಬ ಹಡಗು ಫಿಜಿ ದ್ವೀಪದ ಕಡೆ ಹೋಗಿ ಸೇರುವುದು ತಡವಾಗಿತ್ತು, ಅಷ್ಟೇ.

ರಾಕೆಟ್ ಹಾರಿಸುವುದಕ್ಕೂ ಹಡಗಿಗೂ ಏನು ಸಂಬಂಧ ಅನ್ನುತ್ತೀರಿ. ಆ ಹಾರಾಟದಲ್ಲಿ ರಾಕೆಟ್ಟಿನ ನಾಲ್ಕನೆಯ ಹಂತ ತಕ್ಷಣ ಉರಿಯುವುದಿಲ್ಲ. ಬಹಳ ಹೊತ್ತು ಸುಮ್ಮನೆ ತೇಲಿಹೋಗಿ, ದಕ್ಷಿಣ ಪೆಸಿಫಿಕ್ ಸಾಗರದ ಮೇಲೆ ಬಂದಾಗ ಹೊತ್ತಿಕೊಳ್ಳುತ್ತದೆ. ಅಲ್ಲಿ ನಮ್ಮ ನೆಲದ ಯಾವ ಕೇಂದ್ರಕ್ಕೂ ಅದರ ಸುಳಿವು ಸಿಗದು. ಆದ್ದರಿಂದ ನಳಂದಾ, ಯಮುನಾ ಎಂಬ ಎರಡು ಹಡಗುಗಳ ಮೇಲೆ ಆಂಟೆನಾ ಹೂಡಿ ಅಲ್ಲಿಗೆ ಕಳಿಸಿದ್ದರು. ಆ ದಿನಗಳಲ್ಲಿ ಬೆಂಗಳೂರಿನ ಎಂಜಿನಿಯರುಗಳನ್ನೆಲ್ಲ ಹಗಲು ರಾತ್ರಿ ದುಡಿಸಿದ್ದರೂ ಉಡಾವಣೆ ಒಂದು ಗಂಟೆ ಮುಂಚೆ ಆಗುತ್ತಿರಲಿಲ್ಲ. ಕಾಯಬೇಕಾಗಿದ್ದುದು ಹಡಗಿಗೆ.

ಇದರ ಇನ್ನೊಂದು ಬದಿಯೂ ನೋಡುವಂಥದು. ಭೂಮಿಯಿಂದ ಮಂಗಳಕ್ಕೆ ಕಡಿಮೆ ಇಂಧನದಲ್ಲಿ ಹೋಗುವ ಅವಕಾಶ ಸುಮಾರು 26 ತಿಂಗಳಿಗೊಮ್ಮೆ ಮಾತ್ರ ಬರುತ್ತದೆ. ಆ ಸಲ ತಪ್ಪಿದರೆ 2016ರವರೆಗೆ ಕಾಯಬೇಕಿತ್ತು. ಪಿಎಸ್‌ಎಲ್‌ವಿಗೆ ನೌಕೆಯನ್ನು ನೇರವಾಗಿ ಮಂಗಳದತ್ತ ಎಸೆಯುವಷ್ಟು ತ್ರಾಣವಿಲ್ಲ. ಭೂಮಿಯ ಸುತ್ತಲೇ ಕೆಲವು ವಾರ ಸುತ್ತಿಸಿ, ಕಕ್ಷೆಯನ್ನು ಹಂತಹಂತವಾಗಿ ಎತ್ತರಿಸಿ, ನವೆಂಬರ್ ಮುಗಿಯುವ ಹೊತ್ತಿಗೆ ಬೀಳ್ಕೊಡಬೇಕು. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬಂದರೆ ಉಡಾವಣೆಗೆ ಕೊನೆಯ ದಿನ ನವೆಂಬರ್ 19. ಮೊದಲ ದಿನ ಅಕ್ಟೋಬರ್ 28. ನಡುವೆ 22 ದಿನಗಳ ಬಿಡುವು. ಹಡಗು ಅದರಲ್ಲಿ ಎಂಟು ದಿನ ತಿಂದುಹಾಕಿತು. ನವೆಂಬರ್ 5ರಂದು ರಾಕೆಟ್ ಹಾರಿತು. 11ರಂದು ಕಕ್ಷೆ ಎತ್ತರಿಸುವ ನಾಲ್ಕನೆಯ ಪ್ರಯತ್ನ ಅಂದುಕೊಂಡಷ್ಟು ವೇಗ ಕೊಡಲಿಲ್ಲ. ಮರುದಿನ ಮತ್ತೊಮ್ಮೆ ಎಂಜಿನ್ ಉರಿಸಿ ಸರಿಮಾಡಿದರು. ಸರಿಮಾಡಲು ಒಂದು ದಿನ ಕೈಯಲ್ಲಿತ್ತು. ನಡುರಾತ್ರಿ ದಾಟಿ ಡಿಸೆಂಬರ್ 1 ಶುರುವಾಗುತ್ತಿದ್ದಂತೆ ನೌಕೆ ಭೂಮಿಯನ್ನು ಬಿಟ್ಟು ಹೊರಟಿತು.

ಹತ್ತಾರು ಕೆಲಸ, ನೂರಾರು ಜನ, ಒಂದೇ ಗಡುವು. ಇದರಲ್ಲಿ ಯಾವ ಕೆಲಸ ಒಂದು ದಿನ ತಡವಾದರೆ ಇಡೀ ಯೋಜನೆ ಒಂದು ದಿನ ತಡವಾಗುತ್ತದೆ, ಯಾವುದು ಹತ್ತು ದಿನ ತಡವಾದರೂ ಏನೂ ಆಗುವುದಿಲ್ಲ? ಇದನ್ನು ಮೊದಲೇ ಲೆಕ್ಕ ಹಾಕಿ ಹೇಳುವ ಒಂದು ವಿಧಾನವಿದೆ. ಕೆಲಸಗಳನ್ನು ಚೌಕಗಳಾಗಿ ಬರೆದು, ಯಾವುದರ ನಂತರ ಯಾವುದು ಎಂಬುದನ್ನು ಬಾಣಗಳಿಂದ ಜೋಡಿಸಿದರೆ ಒಂದು ಜಾಲನಕ್ಷೆ ಆಗುತ್ತದೆ. ಆ ಜಾಲದೊಳಗೆ ಮೊದಲಿನಿಂದ ಕೊನೆಯವರೆಗೆ ಅತಿ ಹೆಚ್ಚು ದಿನ ಹಿಡಿಯುವ ದಾರಿಯೇ ಕ್ರಿಟಿಕಲ್ ಪಾತ್. ಯೋಜನೆ ಅದಕ್ಕಿಂತ ಬೇಗ ಮುಗಿಯದು. ಆ ದಾರಿಯ ಮೇಲಿರುವವರನ್ನು ಮಾತ್ರ ಅವಸರಪಡಿಸಿ ಪ್ರಯೋಜನ. ಉಳಿದವರನ್ನು ಅವರ ಪಾಡಿಗೆ ಬಿಡಬಹುದು. ಬಿಡಲೇಬೇಕು ಎಂದು ನನ್ನ ವಾದ.

ರೇಡಿಯೊದಲ್ಲಿ ನಕ್ಷೆ ತೋರಿಸುವುದು ಹೇಗೆ? ಕೈಗೆ ಸಿಕ್ಕುವಂತಿದ್ದರೆ ಒಂದು ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಮೂವತ್ತು-ನಲವತ್ತರ ಸೈಟಿನಲ್ಲಿ ಒಂದು ಮನೆ ಕಟ್ಟೋಣ. ಗೋಡೆ ಎದ್ದಿದೆ, ಬಾಗಿಲವಾಡಗಳು ಕೂತಿವೆ. ಇನ್ನು ಮೇಲ್ಛಾವಣಿಯಿಂದ ಗೃಹಪ್ರವೇಶದವರೆಗೆ ಎಷ್ಟು ದಿನ ಬೇಕು? ನಾನು ಹೇಳುವ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮ ಊರಿನ ಮೇಸ್ತ್ರಿ ಬೇರೆ ಹೇಳಿಯಾನು.

ಸೆಂಟ್ರಿಂಗ್ ಹೊಡೆದು ಕಂಬಿ ಕಟ್ಟಲು 10 ದಿನ. ಮೋಲ್ಡ್ ಹಾಕಲು 1 ದಿನ. ನೀರುಣಿಸಿ, ಸೆಂಟ್ರಿಂಗ್ ಬಿಚ್ಚುವ ತನಕ 14 ದಿನ. ಇಲ್ಲಿಗೆ 25. ಗೋಡೆ ಕೊರೆದು ಕರೆಂಟಿನ ಪೈಪು, ನೀರಿನ ಪೈಪು ಕೂರಿಸಲು 6, ಸೇರಿ 31. ಒಳಗಿನ ಗಾರೆಗೆ 15, 46 ಆಯಿತು. ನೆಲದ ಟೈಲ್ಸಿಗೆ 10; 56. ಬಾಗಿಲು, ಕಿಟಕಿಗಳ ಕದ ಕೂರಿಸಲು 4; 60. ಬಣ್ಣಕ್ಕೆ 12. ಒಟ್ಟು 72 ದಿನ. ಇದು ಒಂದರ ಹಿಂದೆ ಒಂದು ಸಾಲಾಗಿ ನಿಲ್ಲುವ ಕೆಲಸಗಳ ಸರಪಳಿ.

ಈಗ ಬಡಗಿಯನ್ನು ಸೇರಿಸೋಣ. ಕದಗಳನ್ನು ಮಾಡಲು ಅವನಿಗೆ 30 ದಿನ ಬೇಕು. ಅವನು ತನ್ನ ಕೊಟ್ಟಿಗೆಯಲ್ಲೇ ಮಾಡುವುದರಿಂದ ಮೋಲ್ಡಿಗಾಗಲಿ ಗಾರೆಗಾಗಲಿ ಕಾಯಬೇಕಿಲ್ಲ. ಮೊದಲ ದಿನವೇ ಶುರುಮಾಡಬಹುದು. ಆದರೆ ಕದ ಕೂರಿಸಬೇಕಾದರೆ ಎರಡೂ ಆಗಿರಬೇಕು: ಕದ ಸಿದ್ಧವಿರಬೇಕು, ನೆಲದ ಟೈಲ್ಸ್ ಮುಗಿದಿರಬೇಕು. ನೆಲ ಏರಿದ ಮೇಲೆ ಅಳತೆ ನೋಡದೆ ಕದ ಕೂರಿಸಿದರೆ ಆಮೇಲೆ ಅಡಿ ಕೆತ್ತಬೇಕಾಗುತ್ತದೆ. ಆದ್ದರಿಂದ ಕದ ಕೂರಿಸುವ ಚೌಕಕ್ಕೆ ಎರಡು ಬಾಣಗಳು ಬಂದು ಸೇರುತ್ತವೆ. ಬಡಗಿಯ ಬಾಣ 30ನೇ ದಿನಕ್ಕೆ ಬರುತ್ತದೆ, ಟೈಲ್ಸಿನ ಬಾಣ 56ನೇ ದಿನಕ್ಕೆ. ಚೌಕ ಶುರುವಾಗುವುದು ತಡವಾಗಿ ಬಂದ ಬಾಣದಿಂದ. ಹೀಗೆ ಮೊದಲಿನಿಂದ ಕೊನೆಗೆ ಎಣಿಸಿಕೊಂಡು ಹೋಗುವುದು ಲೆಕ್ಕದ ಮೊದಲ ಸುತ್ತು.

ಎರಡನೆಯ ಸುತ್ತಿನಲ್ಲಿ ಕೊನೆಯಿಂದ ಹಿಂದಕ್ಕೆ ಬರಬೇಕು. 72ಕ್ಕೆ ಮುಗಿಯಬೇಕಾದರೆ ಬಣ್ಣ 60ಕ್ಕೆ ಶುರುವಾಗಬೇಕು, ಕದ ಕೂರಿಸುವುದು 56ಕ್ಕೆ. ಅಂದರೆ ಬಡಗಿ 56ರೊಳಗೆ ಯಾವಾಗ ಮುಗಿಸಿದರೂ ಸರಿ. ಅವನ ಕೆಲಸ 30 ದಿನದ್ದು; ಆದ್ದರಿಂದ ಅವನಿಗೆ 26 ದಿನಗಳ ಬಿಡುವಿದೆ. ಎಂಜಿನಿಯರುಗಳು ಇದನ್ನು ಫ್ಲೋಟ್ ಅನ್ನುತ್ತಾರೆ. ಸೆಂಟ್ರಿಂಗಿನಿಂದ ಬಣ್ಣದವರೆಗಿನ ಸಾಲಿನಲ್ಲಿ ಯಾರಿಗೂ ಒಂದು ದಿನದ ಬಿಡುವಿಲ್ಲ. ಮೊದಲ ಸುತ್ತಿನ ಅಂಕಿ, ಎರಡನೆಯ ಸುತ್ತಿನ ಅಂಕಿ ಎರಡೂ ಒಂದೇ ಆಗಿ ನಿಲ್ಲುವ ಚೌಕಗಳು ಎಲ್ಲಿವೆಯೋ ಅಲ್ಲೇ ಕ್ರಿಟಿಕಲ್ ಪಾತ್.

ಮನೆ ಕಟ್ಟಿಸುವವರು ದಿನಾ ಬೆಳಗ್ಗೆ ಫೋನ್ ಮಾಡಿ ಬೈಯುವುದು ಯಾರನ್ನು? ಬಡಗಿಯನ್ನು! "ನಾಳೆ ಬರ್ತೀನಿ ಸ್ವಾಮಿ" ಅನ್ನುವವನು ಅವನೇ ಆದ್ದರಿಂದ. ಆದರೆ ಲೆಕ್ಕದ ಪ್ರಕಾರ ಅವನು ಮೊದಲ 26 ದಿನ ಮಲಗಿದ್ದರೂ ಗೃಹಪ್ರವೇಶ ಒಂದು ಗಂಟೆ ತಡವಾಗುವುದಿಲ್ಲ. 27ನೇ ದಿನವೂ ಅವನು ಉಳಿ ಹಿಡಿಯದಿದ್ದರೆ, ಅಂದಿನಿಂದ ಅವನ ಒಂದೊಂದು ನಾಳೆಯೂ ನಿಮ್ಮ ಒಂದೊಂದು ದಿನ. ಬೈಗುಳವನ್ನು ಆ ದಿನಕ್ಕೆ ಕೂಡಿಡುವುದು ಜಾಣತನ.

ಈ ನಕ್ಷೆಯನ್ನು ಮನೆಯಲ್ಲಿ ಕೂತು ಬರೆದು ಸೈಟಿಗೆ ಕೊಂಡುಹೋದಿರಿ ಎಂದುಕೊಳ್ಳಿ. ಹಳೆಯ ಮೇಸ್ತ್ರಿ ನೋಡುತ್ತಾನೆ. ನೀವು ಸಂಪನ್ನು ಒಂದು ಮೂಲೆಯಲ್ಲಿ ಬೇರೆಯಾಗಿ ಬರೆದು, 12 ದಿನದ ಕೆಲಸ, ಬಣ್ಣ ಮುಗಿಯುವುದರೊಳಗೆ ಯಾವಾಗಲಾದರೂ ಆದೀತು ಎಂದು ಅರುವತ್ತು ದಿನದ ಬಿಡುವು ಕೊಟ್ಟಿದ್ದೀರಿ. ಮೇಸ್ತ್ರಿ ಕೇಳುತ್ತಾನೆ: "ಅದ್ಸರಿ ಸಾರ್, ಮೋಲ್ಡಿಗೆ ನೀರು ಎಲ್ಲಿಂದ ತರ್ತೀರ? ಮೊದ್ಲು ಸಂಪು ಮುಗಿಸ್ಬೇಕಲ್ವಾ?" ನಿಜ. ಮೋಲ್ಡ್ ಹಾಕುವ ಹೊತ್ತಿಗೆ ಸಂಪಿನಲ್ಲಿ ನೀರಿರಬೇಕು. ಒಂದು ಹೊಸ ಬಾಣ ಬಂತು, ಸಂಪಿನಿಂದ ಮೋಲ್ಡಿಗೆ. ಅಷ್ಟಕ್ಕೇ ಲೆಕ್ಕ ತಲೆಕೆಳಗು. ಸೆಂಟ್ರಿಂಗ್ 10ನೇ ದಿನಕ್ಕೆ ಮುಗಿದರೂ ಸಂಪು ಮುಗಿಯುವುದು 12ಕ್ಕೆ. ಮೋಲ್ಡ್ ಎರಡು ದಿನ ಕಾಯಬೇಕು. ಒಟ್ಟು 72 ಹೋಗಿ 74 ಆಯಿತು. ಅರುವತ್ತು ದಿನ ಬಿಡುವಿದೆ ಎಂದುಕೊಂಡಿದ್ದ ಸಂಪು ಈಗ ಕ್ರಿಟಿಕಲ್, ನಿನ್ನೆಯವರೆಗೆ ಕ್ರಿಟಿಕಲ್ ಆಗಿದ್ದ ಸೆಂಟ್ರಿಂಗಿಗೆ ಎರಡು ದಿನದ ಬಿಡುವು, ಬಡಗಿಗೆ 28.

ಈ ವಿಧಾನದಲ್ಲಿ ಗಣಿತ ಬಹಳ ಸುಲಭ. ಕೂಡುವುದು, ಕಳೆಯುವುದು, ಎರಡರಲ್ಲಿ ದೊಡ್ಡದನ್ನು ಆರಿಸುವುದು, ಮುಗಿಯಿತು. ಆರನೇ ಕ್ಲಾಸಿನ ಮಗು ಮಾಡೀತು. ಕಷ್ಟವಿರುವುದು ಬಾಣಗಳಲ್ಲಿ. ಯಾವುದಕ್ಕೆ ಯಾವುದು ಮೊದಲಾಗಬೇಕು ಎಂಬುದು ಕೆಲಸ ಮಾಡುವವನ ಕೈಗೆ ಗೊತ್ತು, ಆಫೀಸಿನಲ್ಲಿ ಕೂತವನ ಕಂಪ್ಯೂಟರಿಗೆ ಗೊತ್ತಿಲ್ಲ. ಎಷ್ಟೋ ಕಡೆ ನಕ್ಷೆ ಬರೆಯುವವನು ಒಬ್ಬ, ಕೆಲಸ ಮಾಡುವವನು ಇನ್ನೊಬ್ಬ, ಇಬ್ಬರಿಗೂ ಮುಖಪರಿಚಯವೇ ಇರುವುದಿಲ್ಲ. ಅಂಥ ನಕ್ಷೆಗೆ ಗೋಡೆಯ ಮೇಲೆ ತೂಗುಹಾಕುವುದಕ್ಕಿಂತ ಹೆಚ್ಚಿನ ಉಪಯೋಗ ನನಗಂತೂ ಕಂಡಿಲ್ಲ.

ಸರಿ, ಪುರೋಹಿತರು ಮುಹೂರ್ತ ಇಟ್ಟುಕೊಟ್ಟರು: ಇವತ್ತಿಗೆ 70ನೇ ದಿನ. ನಮ್ಮ ಲೆಕ್ಕ 74. ನಾಲ್ಕು ದಿನ ಸಾಲದು. ಸಾಮಾನ್ಯವಾಗಿ ಆಗುವುದೇನು? ಎಲ್ಲರಿಗೂ "ಬೇಗ ಬೇಗ" ಅನ್ನುತ್ತೇವೆ, ಎಲ್ಲರಿಗೂ ಓವರ್‌ಟೈಮ್ ಕೊಡುತ್ತೇವೆ. ಲೆಕ್ಕ ಬೇರೆಯೇ ಹೇಳುತ್ತದೆ. ಸಂಪಿಗೆ ಇನ್ನಿಬ್ಬರು ಆಳು ಹಾಕಿ 12ನ್ನು 10ಕ್ಕೆ ತಂದರೆ ಎರಡು ದಿನ ಉಳಿಯುತ್ತದೆ. ಇನ್ನಷ್ಟು ಆಳು ಹಾಕಿ 8ಕ್ಕೆ ತಂದರೆ? ಏನೂ ಉಳಿಯುವುದಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಸೆಂಟ್ರಿಂಗಿನ 10 ದಿನ ಅಡ್ಡ ಬರುತ್ತದೆ. ಒಂದು ದಾರಿಯನ್ನು ಚಿಕ್ಕದು ಮಾಡುತ್ತ ಹೋದಂತೆ ಪಕ್ಕದ ದಾರಿ ಕ್ರಿಟಿಕಲ್ ಆಗಿಬಿಡುತ್ತದೆ. ಅದಕ್ಕಿಂತ ಗಾರೆಗೆ ಇನ್ನೊಂದು ತಂಡ ಕರೆಸಿ 15 ದಿನವನ್ನು 9ಕ್ಕೆ ಇಳಿಸಿದರೆ ಆರು ದಿನ ಒಟ್ಟಿಗೆ ಸಿಗುತ್ತದೆ. 74 ಹೋಗಿ 68. ಅಥವಾ ಗಾರೆ ಮುಗಿದ ಕೋಣೆಗಳಲ್ಲಿ ಟೈಲ್ಸಿನವರನ್ನು ಇಳಿಸಿ, ಎರಡು ಕೆಲಸ ಒಂದರ ಮೇಲೊಂದು ಹಾಯುವಂತೆ ಮಾಡಬಹುದು. ಕದದ ಕೆಲಸಕ್ಕೆ ಇನ್ನೊಬ್ಬ ಬಡಗಿಯನ್ನು ಹಾಕಿದರೆ ದುಡ್ಡು ಖರ್ಚಾಗುತ್ತದೆ, ದಿನ ಉಳಿಯುವುದಿಲ್ಲ. ಇನ್ನು ಹದಿನಾಲ್ಕು ದಿನ ನೀರುಣಿಸುವುದನ್ನು ಹತ್ತಕ್ಕೆ ಇಳಿಸೋಣ ಅನ್ನುವವರು ಇದ್ದೇ ಇರುತ್ತಾರೆ. ಖರ್ಚಿಲ್ಲದೆ ನಾಲ್ಕು ದಿನ ಸಿಗುವುದು ಅಲ್ಲೇ ಅಲ್ಲವೇ! ಸಿಮೆಂಟು ಗಟ್ಟಿಯಾಗುವುದು ರಾಸಾಯನಿಕ ಕ್ರಿಯೆ. ಪುರೋಹಿತರು ಹೇಳಿದರೂ, ಮಂತ್ರಿಗಳು ಹೇಳಿದರೂ ಅದಕ್ಕೆ ಬೇಕಾದಷ್ಟು ದಿನ ಬೇಕೇ ಬೇಕು. ಉದ್ಘಾಟನೆಯ ದಿನಾಂಕಕ್ಕೆ ಕಟ್ಟುಬಿದ್ದ ಎಷ್ಟು ಕಟ್ಟಡಗಳು ಇಲ್ಲಿ ಮೋಸಹೋಗಿವೆಯೋ.

ಈ ವಿಧಾನ ಹುಟ್ಟಿದ್ದೂ ಇಂಥದೇ ಪ್ರಶ್ನೆಯಿಂದ. 1956-57ರಲ್ಲಿ ಅಮೆರಿಕದ ಡ್ಯೂಪಾಂಟ್ ರಸಾಯನ ಕಂಪನಿಯ ಬಳಿ ಯೂನಿವ್ಯಾಕ್ ಎಂಬ ದೊಡ್ಡ ಕಂಪ್ಯೂಟರ್ ಇತ್ತು. ಅದನ್ನು ಹೊಸ ಕಾರ್ಖಾನೆಗಳ ನಿರ್ಮಾಣ ಯೋಜನೆಗೆ ಬಳಸಬಹುದೇ ಎಂದು ನೋಡುವ ಕೆಲಸ ಮೋರ್ಗನ್ ವಾಕರ್ ಎಂಬ ಎಂಜಿನಿಯರಿಗೆ ಬಂತು. ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಗಣಿತಜ್ಞ ಜೇಮ್ಸ್ ಕೆಲ್ಲಿ ಅವನ ಜೊತೆ ಸೇರಿದ. ಗಡುವು ಹತ್ತಿರ ಬಂದಾಗ ಎಲ್ಲ ಕೆಲಸಕ್ಕೂ ಓವರ್‌ಟೈಮ್ ಕೊಟ್ಟು ಹಣ ಸುರಿಯುವುದು ಅಲ್ಲಿಯೂ ವಾಡಿಕೆ. ಅವಸರಕ್ಕೆ ತೆರುವ ಹಣ ಎಲ್ಲಿ ಹಾಕಿದರೆ ಅತಿ ಕಡಿಮೆಯಲ್ಲಿ ಅತಿ ಹೆಚ್ಚು ದಿನ ಉಳಿಯುತ್ತದೆ ಎಂಬುದು ಇವರಿಬ್ಬರ ಪ್ರಶ್ನೆಯಾಗಿತ್ತು. ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಕಂಪನಿಯ ಕೃತಕ ರಬ್ಬರಿನ ಕಾರ್ಖಾನೆಯನ್ನು ಆಗಾಗ ನಿಲ್ಲಿಸಿ ರಿಪೇರಿ ಮಾಡಬೇಕಾಗುತ್ತಿತ್ತು. ನಿಂತಷ್ಟು ಹೊತ್ತೂ ನಷ್ಟ. ಜಾಲನಕ್ಷೆ ಬರೆದು ಕೆಲಸ ಹಂಚಿದ ಮೇಲೆ, ಸರಾಸರಿ 125 ಗಂಟೆ ಹಿಡಿಯುತ್ತಿದ್ದ ಆ ರಿಪೇರಿ 93 ಗಂಟೆಗೆ ಇಳಿಯಿತು. 78ರವರೆಗೂ ಇಳಿಸಬಹುದೆಂದು ಲೆಕ್ಕ ತೋರಿಸಿತು. 1959ರ ಡಿಸೆಂಬರಿನಲ್ಲಿ ಬಾಸ್ಟನ್‌ನ ಕಂಪ್ಯೂಟರ್ ಸಮ್ಮೇಳನದಲ್ಲಿ ಇಬ್ಬರೂ ತಮ್ಮ ಪ್ರಬಂಧ ಓದಿದರು.

ಅದಕ್ಕೂ ಮೊದಲು ಜನ ಬಳಸುತ್ತಿದ್ದುದು ಹೆನ್ರಿ ಗ್ಯಾಂಟ್ ಅವರ ಹೆಸರಿನ ಪಟ್ಟಿ. ಕೆಲಸಗಳನ್ನು ಉದ್ದುದ್ದ ಗೆರೆಗಳಾಗಿ ತಾರೀಖುಗಳ ಕೆಳಗೆ ಎಳೆಯುವುದು. ಈಗಲೂ ಎಲ್ಲ ಕಾಮಗಾರಿ ಆಫೀಸುಗಳಲ್ಲಿ ಕಾಣುತ್ತದೆ. ನೋಡಲು ಸುಲಭ, ನನಗೂ ಇಷ್ಟ. ಆದರೆ ಒಂದು ಗೆರೆ ಬಲಕ್ಕೆ ಜರುಗಿದರೆ ಇನ್ನಾವ ಗೆರೆ ಜರುಗಬೇಕು ಎಂಬುದನ್ನು ಆ ಪಟ್ಟಿ ತಾನಾಗಿ ಹೇಳುವುದಿಲ್ಲ. ಅದನ್ನು ಹೇಳಿದ್ದು ಬಾಣಗಳು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಫಾಂಡಾಲ್ 1961ರಲ್ಲಿ, ಕಂಪ್ಯೂಟರಿನ ಹಂಗಿಲ್ಲದೆ ಕಾಗದದ ಮೇಲೆ ಕೈಯಿಂದಲೇ ಈ ಲೆಕ್ಕ ಮಾಡುವ ರೀತಿಯನ್ನು ಕಟ್ಟಡದ ಕಂಟ್ರಾಕ್ಟರುಗಳಿಗೆಂದು ಬರೆದುಕೊಟ್ಟರು. ಈಗ ನಾವು ಮನೆಗೆ ಮಾಡಿದ್ದು ಆ ಬಗೆಯದೇ. ದೊಡ್ಡ ಕಾಮಗಾರಿಗಳಲ್ಲಿ ಇಂದು ಪ್ರೈಮಾವೆರಾದಂಥ ಸಾಫ್ಟ್‌ವೇರ್ ಸಾವಿರಾರು ಚೌಕಗಳನ್ನು ಕ್ಷಣದಲ್ಲಿ ಎಣಿಸುತ್ತದೆ. ಎಣಿಕೆ ಅದೇ.

ಅದೇ ಕಾಲಕ್ಕೆ ಅಮೆರಿಕದ ನೌಕಾಪಡೆಯೂ ಇಂಥದೇ ಒಂದು ವಿಧಾನ ಹುಡುಕುತ್ತಿತ್ತು. ನೀರಿನಡಿಯಿಂದ ಹಾರುವ ಪೊಲಾರಿಸ್ ಕ್ಷಿಪಣಿಯ ಯೋಜನೆ; ಮುಖ್ಯಸ್ಥ ಅಡ್ಮಿರಲ್ ರೇಬರ್ನ್. ಯಾರೂ ಹಿಂದೆ ಮಾಡಿರದ ಕೆಲಸಕ್ಕೆ ಎಷ್ಟು ದಿನ ಎಂದು ಒಂದೇ ಅಂಕಿ ಹೇಳುವುದು ಹೇಗೆ? 1958ರಲ್ಲಿ ರೂಪಿಸಿದ ಪರ್ಟ್ ಎಂಬ ವಿಧಾನದಲ್ಲಿ ಪ್ರತಿ ಕೆಲಸಕ್ಕೂ ಮೂರು ಅಂಕಿ ಕೇಳುತ್ತಾರೆ: ಎಲ್ಲ ಚೆನ್ನಾಗಿ ನಡೆದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು. ನಡುವಿನ ಅಂಕಿಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿ, ಆರರಿಂದ ಭಾಗಿಸಬೇಕು. ನಮ್ಮ ಗಾರೆ ಮೇಸ್ತ್ರಿ 12, 15, 30 ಎಂದರೆ ಲೆಕ್ಕಕ್ಕೆ ಸಿಗುವುದು 17. ಎರಡು ದಿನ ಹೆಚ್ಚಾಯಿತು, ನೋಡಿ. ಕೆಲಸ ಬೇಗ ಮುಗಿಯುವುದಕ್ಕೆ ಒಂದು ಮಿತಿಯಿದೆ, ತಡವಾಗುವುದಕ್ಕೆ ಅಷ್ಟು ಬಿಗಿಯಾದ ಮಿತಿಯಿಲ್ಲ. ಸಿಮೆಂಟು ಬರದಿರಬಹುದು, ಹಬ್ಬಕ್ಕೆ ಊರಿಗೆ ಹೋದ ಆಳುಗಳು ಮರಳದಿರಬಹುದು.

ಪೊಲಾರಿಸ್ ಯಶಸ್ವಿಯಾಯಿತು. 1960ರ ಜುಲೈ 20ರಂದು ಜಾರ್ಜ್ ವಾಷಿಂಗ್ಟನ್ ಎಂಬ ಜಲಾಂತರ್ಗಾಮಿ ನೀರಿನೊಳಗಿಂದ ಕ್ಷಿಪಣಿ ಹಾರಿಸಿತು. ಪರ್ಟಿನ ಕೀರ್ತಿಯೂ ಜೊತೆಗೇ ಹಾರಿತು. ಸರ್ಕಾರಿ ಕಂಟ್ರಾಕ್ಟುಗಳಲ್ಲಿ ಅದನ್ನು ಕೇಳತೊಡಗಿದರು, ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಪಾಠ ಶುರುವಾಯಿತು. ಹನ್ನೆರಡು ವರ್ಷದ ಮೇಲೆ, 1972ರಲ್ಲಿ, ಹಾರ್ವೆ ಸಪೋಲ್‌ಸ್ಕಿ ಎಂಬ ವಿದ್ವಾಂಸರು ಆ ಯೋಜನೆಯ ಇತಿಹಾಸ ಬರೆದರು. ಕ್ಷಿಪಣಿ ಬೇಗ ಸಿದ್ಧವಾದದ್ದಕ್ಕೆ ಪರ್ಟ್ ಕಾರಣವೆಂಬುದು ಹೆಚ್ಚಾಗಿ ಕಟ್ಟುಕತೆ. ಹೊರಗಿನ ಮೇಲಧಿಕಾರಿಗಳು ಬಂದು ತಲೆಹಾಕದಂತೆ ತಡೆಯಲು ಆ ಬಣ್ಣಬಣ್ಣದ ನಕ್ಷೆಗಳು ಗುರಾಣಿಯಂತೆ ಒದಗಿದವು ಎಂಬುದು ಅವರ ತೀರ್ಮಾನ. ಈ ಮಾತು ವಿಧಾನದ ಅಭಿಮಾನಿಗಳಿಗೆ ಕಹಿ. ನನಗೆ ಅದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ನಕ್ಷೆ ಬರೆಯುವುದು ಕೆಲಸ ನಡೆಸುವುದಕ್ಕೋ ಸಾಹೇಬರಿಗೆ ತೋರಿಸುವುದಕ್ಕೋ ಎಂಬುದು ಇಂದಿಗೂ ಒಂದೊಂದು ಕಾಮಗಾರಿಯಲ್ಲಿ ಒಂದೊಂದು ಬಗೆ.

ನಮ್ಮ ಕಣ್ಣೆದುರಿನದೇ ಒಂದು ಸಂಗತಿ ಹೇಳುತ್ತೇನೆ. ಬೆಂಗಳೂರಿನ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ನಮ್ಮ ಮೆಟ್ರೊದ ಹಳದಿ ಮಾರ್ಗವಿದೆ. ಸುಮಾರು 19 ಕಿಲೋಮೀಟರ್, 16 ನಿಲ್ದಾಣ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸಿನೊಳಗೆ ಬೆವರುತ್ತ ನಿಂತವರೆಲ್ಲ ತಲೆಯೆತ್ತಿ ಆ ಮೇಲ್ಸೇತುವೆಯನ್ನು ನೋಡಿ, "ಕಂಬ ಆಯ್ತು, ಸ್ಟೇಷನ್ ಆಯ್ತು, ಹಳಿ ಹಾಕಿದ್ದೂ ಆಯ್ತು, ಇನ್ನೇನು ಇವರಿಗೆ ರೋಗ?" ಎಂದು ಬೈದವರೇ. ಆಗದೆ ಉಳಿದಿದ್ದದ್ದು ರೈಲು. 216 ಬೋಗಿಗಳ ಗುತ್ತಿಗೆ 2019ರಲ್ಲಿ ಚೀನಾದ ಕಂಪನಿಗೆ ಹೋಗಿತ್ತು. ಹೆಚ್ಚಿನವನ್ನು ಭಾರತದಲ್ಲೇ ತಯಾರಿಸಬೇಕೆಂಬ ಷರತ್ತು ಇತ್ತು. ಇಲ್ಲಿ ಕಾರ್ಖಾನೆ ಎದ್ದೇಳಲಿಲ್ಲ. ಅಷ್ಟರಲ್ಲಿ ಕೋವಿಡ್ ಬಂತು, ಗಡಿಯಲ್ಲಿ ಘರ್ಷಣೆಯಾಯಿತು, ಚೀನೀ ಎಂಜಿನಿಯರುಗಳಿಗೆ ವೀಸಾ ಸಿಗುವುದು ಕಷ್ಟವಾಯಿತು. ಕೊನೆಗೆ ಕೋಲ್ಕತ್ತ ಬಳಿಯ ಕಾರ್ಖಾನೆಯೊಂದರ ಜೊತೆ ಒಪ್ಪಂದವಾಗಿ ದಾರಿ ಬಿಟ್ಟಿತು. ಮೊದಲ ರೈಲು ಚೀನಾದಿಂದ ಬಂದು ಹೆಬ್ಬಗೋಡಿ ಡಿಪೊ ಸೇರಿದ್ದು 2024ರ ಫೆಬ್ರುವರಿಯಲ್ಲಿ.

ರೈಲು ಬಂದ ಮೇಲೂ ತಕ್ಷಣ ಓಡಿಸಲಾಗದು. ಅದು ಚಾಲಕನಿಲ್ಲದೆಯೂ ಓಡಬಲ್ಲ ಹೊಸ ಮಾದರಿಯ ರೈಲು. ಸಿಗ್ನಲ್ ವ್ಯವಸ್ಥೆಯೂ ಹೊಸದು. ಅದನ್ನು ಹಳಿಯ ಮೇಲೆ ಓಡಿಸಿಯೇ ಪರೀಕ್ಷಿಸಬೇಕು. ಪರೀಕ್ಷೆಗಳ ನಂತರ ಮೆಟ್ರೊ ರೈಲು ಸುರಕ್ಷತಾ ಆಯುಕ್ತರ ತಪಾಸಣೆ. ಆಮೇಲೆ ಅನುಮತಿ. ಈ ಚೌಕಗಳೆಲ್ಲ ಒಂದರ ಹಿಂದೆ ಒಂದು ಸಾಲಾಗಿ, ರೈಲು ಎಂಬ ಒಂದು ಚೌಕದ ಹಿಂದೆ ಕಾದು ನಿಂತಿದ್ದವು. ಕಡೆಗೆ 2025ರ ಆಗಸ್ಟ್ 10ರಂದು ಮಾರ್ಗ ಉದ್ಘಾಟನೆಯಾದಾಗ ಇದ್ದದ್ದು ಮೂರೇ ರೈಲು. 25 ನಿಮಿಷಕ್ಕೊಂದರಂತೆ ಓಡಿದವು. ಕಂಬ ನಿಲ್ಲಿಸಿದವರನ್ನು, ಗಾರೆ ಮಾಡಿದವರನ್ನು ಆ ನಡುವೆ ಎಷ್ಟು ಅವಸರಪಡಿಸಿದ್ದರೂ ಫಲ ಸೊನ್ನೆ. ಕ್ರಿಟಿಕಲ್ ಪಾತ್ ಕಾಂಕ್ರೀಟಿನೊಳಗೆ ಇರಲಿಲ್ಲ, ಖರೀದಿಯ ಕಾಗದಪತ್ರಗಳ ಮಧ್ಯೆ ಇತ್ತು. ದೊಡ್ಡ ಯೋಜನೆಗಳಲ್ಲಿ ಹೀಗಾಗುವುದು ಅಪರೂಪವಲ್ಲ. ಕಣ್ಣಿಗೆ ಕಾಣುವ ಕೆಲಸದ ಬಗ್ಗೆ ಮಂತ್ರಿಗಳಿಂದ ಹಿಡಿದು ದಾರಿಹೋಕರವರೆಗೆ ಎಲ್ಲರೂ ಪ್ರಶ್ನೆ ಕೇಳುತ್ತಾರೆ. ಫೈಲಿನೊಳಗೆ ಕೂತ ಕೆಲಸವನ್ನು ಯಾರೂ ತಲೆಯೆತ್ತಿ ನೋಡಲಾರರು.

ಇನ್ನೊಂದು ಸಂಗತಿ. ನಕ್ಷೆಯಲ್ಲಿ ಹಲವು ಬಾಣಗಳು ಬಂದು ಸೇರುವ ಚೌಕಗಳನ್ನು ವಿಶೇಷವಾಗಿ ಗಮನಿಸಬೇಕು. ಒಂದು ಚೌಕಕ್ಕೆ ಐದು ದಾರಿಗಳು ಬಂದು ಸೇರುತ್ತವೆ ಎನ್ನಿ. ಐದು ದಾರಿಯವರೂ ನಂಬಿಕಸ್ಥರು. ಹತ್ತರಲ್ಲಿ ಒಂಬತ್ತು ಸಲ ಹೇಳಿದ ದಿನಕ್ಕೆ ಮುಗಿಸುವವರು. ಆದರೂ ಐವರೂ ಒಟ್ಟಿಗೆ ಸಮಯಕ್ಕೆ ಬರುವುದು ನೂರಕ್ಕೆ ಐವತ್ತೊಂಬತ್ತು ಸಲ ಮಾತ್ರ. ಒಬ್ಬೊಬ್ಬರೂ ಪ್ರಾಮಾಣಿಕರಾಗಿದ್ದೂ ಯೋಜನೆ ತಡವಾಗುವುದು ಹೀಗೆ. ಪರ್ಟಿನ ಸರಳ ಲೆಕ್ಕ ಉದ್ದನೆಯ ಒಂದೇ ದಾರಿಯನ್ನು ನೋಡುವುದರಿಂದ ಇಂಥ ಕೂಡುದಾರಿಗಳ ಅಪಾಯವನ್ನು ಕಡಿಮೆ ಅಂದಾಜು ಮಾಡುತ್ತದೆ. ಉದ್ಘಾಟನೆ, ಗೃಹಪ್ರವೇಶ, ಉಡಾವಣೆ ಮೂರೂ ಎಲ್ಲ ಬಾಣಗಳೂ ಬಂದು ಕೂಡುವ ಚೌಕಗಳೇ. ಅದಕ್ಕೇ ಅವುಗಳ ಎದುರು ಸ್ವಲ್ಪ ಖಾಲಿ ದಿನ ಬಿಟ್ಟಿರಬೇಕು. ಆ ಖಾಲಿ ದಿನಗಳನ್ನು ನೋಡಿ "ಇದೇಕೆ ವೇಸ್ಟು?" ಎಂದು ಕತ್ತರಿಸುವ ಮೇಲಧಿಕಾರಿ ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ಇದು ಗೊತ್ತಿದ್ದು ಕೆಳಗಿನವರು ಮೊದಲೇ ತಮ್ಮ ಒಂದೊಂದು ಅಂಕಿಯೊಳಗೂ ನಾಲ್ಕು ದಿನ ಬಚ್ಚಿಟ್ಟಿರುತ್ತಾರೆ. ಬಚ್ಚಿಟ್ಟ ದಿನ ಉಳಿಯುವುದಿಲ್ಲ. ಸಮಯವಿದೆ ಎಂದು ಗೊತ್ತಾದ ಕೂಡಲೇ ಕೆಲಸ ತಡವಾಗಿ ಶುರುವಾಗುತ್ತದೆ. ಇಸ್ರೇಲಿನ ಎಲಿಯಾಹು ಗೋಲ್ಡ್‌ರಾಟ್ 1997ರಲ್ಲಿ ಇದನ್ನೇ ಹಿಡಿದು ವಾದ ಮಾಡಿದರು: ಒಬ್ಬೊಬ್ಬರ ಜೇಬಿನಲ್ಲಿರುವ ಬಿಡುವನ್ನು ತೆಗೆದು ಯೋಜನೆಯ ಕೊನೆಯಲ್ಲಿ ಒಟ್ಟಿಗೆ ಇಡಿ, ಎಲ್ಲರಿಗೂ ಕಾಣುವಂತೆ.

ಅವರೇ ಎತ್ತಿ ತೋರಿಸಿದ ಇನ್ನೊಂದು ಕೊರತೆ ನಮ್ಮ ಹಳ್ಳಿ, ಪಟ್ಟಣಗಳಿಗೆ ಚೆನ್ನಾಗಿ ಹೊಂದುತ್ತದೆ. ಜಾಲನಕ್ಷೆಗೆ ಕೆಲಸಗಳು ಗೊತ್ತು, ಜನ ಗೊತ್ತಿಲ್ಲ. ಪೈಪು ಕೂರಿಸುವುದೂ ಸಂಪಿನ ಮೋಟರು ಜೋಡಿಸುವುದೂ ನಕ್ಷೆಯಲ್ಲಿ ಬೇರೆ ಬೇರೆ ದಾರಿಯಲ್ಲಿವೆ. ಒಟ್ಟಿಗೆ ನಡೆಯಬಹುದು ಎಂದು ಬಾಣ ಹೇಳುತ್ತದೆ. ಆದರೆ ಎರಡಕ್ಕೂ ಬರುವವನು ಒಬ್ಬನೇ ಪ್ಲಂಬರ್, ಅವನೂ ಪಕ್ಕದ ಬೀದಿಯ ಇನ್ನೆರಡು ಮನೆ ಒಪ್ಪಿಕೊಂಡವನು. ಆಗ ಆ ಎರಡು ಕೆಲಸಗಳ ನಡುವೆ ಕಾಣದ ಬಾಣವೊಂದಿದೆ. ಅದನ್ನೂ ಬರೆಯಬೇಕು. ನಿಮ್ಮ ಕ್ರಿಟಿಕಲ್ ಪಾತ್ ಎಷ್ಟೋ ಸಲ ಪಕ್ಕದ ಬೀದಿಯ ಮನೆಯೊಳಗಿಂದ ಹಾದುಬರುತ್ತದೆ.

ಕಡೆಯದಾಗಿ, ನಕ್ಷೆಯನ್ನು ಒಮ್ಮೆ ಬರೆದರೆ ಆಗದು. ವಾರಕ್ಕೊಮ್ಮೆ ಮತ್ತೆ ಎಣಿಸಬೇಕು, ಏಕೆಂದರೆ ದಾರಿ ಜರುಗುತ್ತಿರುತ್ತದೆ. ಹೋದ ವಾರ ಸಂಪಿನ ಮೇಲಿದ್ದದ್ದು ಈ ವಾರ ಗಾರೆಯ ಮೇಲಿರಬಹುದು. ಆಗ ಕೇಳುವ ಪ್ರಶ್ನೆಯ ಬಗ್ಗೆ ಒಂದು ಸಣ್ಣ ಸಲಹೆ. "ಎಷ್ಟು ಪರ್ಸೆಂಟ್ ಆಯ್ತು?" ಎಂದು ಕೇಳಿದರೆ ಮೂರನೇ ವಾರದಲ್ಲಿ "ತೊಂಬತ್ತು" ಅನ್ನುತ್ತಾರೆ, ನಾಲ್ಕನೇ ವಾರದಲ್ಲೂ ತೊಂಬತ್ತು, ಐದನೆಯದರಲ್ಲೂ ಅದೇ. ಟೈಲ್ಸಿನವನ ಬಳಿ ಕೂತು, ಚಹಾ ಕೊಟ್ಟು, "ಇನ್ನೆಷ್ಟು ದಿನ ಬೇಕಪ್ಪಾ, ನಿನಗೆ ಏನೇನು ಬರಬೇಕು?" ಎಂದು ಕೇಳಿ. "ಮೂರು ದಿನ ಸಾರ್, ಆದ್ರೆ ಬಚ್ಚಲಿಗೆ ಟೈಲ್ಸೇ ಬಂದಿಲ್ವಲ್ಲ" ಅನ್ನುತ್ತಾನೆ. ಅಂಗಡಿಗೆ ಫೋನ್ ಮಾಡಬೇಕಾದವರು ನೀವೇ.